ಮೂರು ಸಾಲಿನ ಬದುಕು: ಇಂಗ್ಲೆಂಡಿನ ಹಳ್ಳಿಗಳಲ್ಲಿ ಪೂರ್ವಿಕರ ಶೋಧ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಯಲ್ಲಿ ಹೊಲದ ಕೂಲಿ ಮಾಡಿ ಬದುಕಿ ಸತ್ತ ಒಬ್ಬ ಮನುಷ್ಯನ ಬಗ್ಗೆ ಇಂದು ಸಿಗುವ ಆಧಾರ ಸಾಮಾನ್ಯವಾಗಿ ಮೂರೇ ಸಾಲು: ದೀಕ್ಷಾಸ್ನಾನದ್ದು ಒಂದು, ಮದುವೆಯದು ಒಂದು, ಹೂಳಿದ ದಿನದ್ದು ಒಂದು. ಮೂರನ್ನೂ ಬರೆದವನು ಊರಿನ ಪಾದ್ರಿ ಅಥವಾ ಅವನ ಗುಮಾಸ್ತ. ಸೂಕ್ಷ್ಮವಾಗಿ ನೋಡಿದರೆ ಅಲ್ಲಿ ಹುಟ್ಟೂ ಇಲ್ಲ, ಸಾವೂ ಇಲ್ಲ. ಮಗುವಿಗೆ ನೀರು ಹಾಕಿದ ದಿನ ಇದೆ, ಹೆಣವನ್ನು ಮಣ್ಣಿಗಿಟ್ಟ ದಿನ ಇದೆ. ಆ ಮನುಷ್ಯ ದೇವರ ಮುಂದೆ ನಿಂತ ಗಳಿಗೆಗಳಷ್ಟೇ ಬರವಣಿಗೆಗೆ ಬಂದಿವೆ. ಪೂರ್ವಿಕರನ್ನು ಹುಡುಕಿ ಹೊರಡುವವರಲ್ಲಿ ಹಲವರಿಗೆ ಚರ್ಚಿನ ನಂಟೇ ಇರುವುದಿಲ್ಲ, ಆದರೂ ಅವರ ದಾರಿ ಕೊನೆಗೆ ಚರ್ಚಿನ ಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತದೆ. ಬದುಕಿರುವವರಿಂದ ಸತ್ತವರಿಗೆ ಏನಾದರೂ ಸಲ್ಲಬೇಕಾಗಿದೆಯೇ, ಸಲ್ಲಬೇಕಾಗಿದ್ದರೆ ಯಾವ ಸತ್ತವರಿಗೆ ಎಂಬ ಪ್ರಶ್ನೆ ಅಲ್ಲಿಂದ ತಪ್ಪಿಸಿಕೊಳ್ಳಲಾಗದಂತೆ ಎದುರಾಗುತ್ತದೆ.

ಈ ಸಾಲುಗಳಿರುವ ಪುಸ್ತಕಗಳು ಶುರುವಾದದ್ದು 1538ರ ಸೆಪ್ಟೆಂಬರಿನಲ್ಲಿ. ದೊರೆ ಎಂಟನೆಯ ಹೆನ್ರಿಯ ಪರವಾಗಿ ಚರ್ಚಿನ ಆಡಳಿತ ನೋಡಿಕೊಳ್ಳುತ್ತಿದ್ದ ಥಾಮಸ್ ಕ್ರಾಮ್‌ವೆಲ್ ಪ್ರತಿಯೊಂದು ಪ್ಯಾರಿಷ್‌ಗೂ, ಎಂದರೆ ಒಂದು ಚರ್ಚಿನ ಸರಹದ್ದಿಗೆ ಸೇರಿದ ಊರಿಗೂ, ಆಜ್ಞೆ ಕಳಿಸಿದ. ಪಾದ್ರಿ ಭಾನುವಾರ ಊರಿನ ಮೇಲ್ವಿಚಾರಕರ ಎದುರಿನಲ್ಲಿ ಆ ವಾರದ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆಯಬೇಕು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿ ಇಡಬೇಕು. ಒಂದು ಬೀಗದ ಕೈ ಪಾದ್ರಿಯ ಬಳಿ, ಇನ್ನೊಂದು ಮೇಲ್ವಿಚಾರಕರ ಬಳಿ ಇರಬೇಕು. ವಯಸ್ಸು, ವಂಶ, ಆಸ್ತಿಯ ಹಕ್ಕು ಕುರಿತ ವ್ಯಾಜ್ಯಗಳು ಇದರಿಂದ ಬಗೆಹರಿಯುತ್ತವೆ ಎಂಬುದು ಸರಕಾರ ಕೊಟ್ಟ ಕಾರಣ. ಜನ ನಂಬಲಿಲ್ಲ. ಹುಟ್ಟು, ಮದುವೆ, ಸಾವುಗಳ ಮೇಲೆ ತೆರಿಗೆ ಬರುತ್ತದೆ ಎಂಬ ಗಾಳಿಸುದ್ದಿ ಎರಡು ವರ್ಷ ಮೊದಲೇ, 1536ರ ಉತ್ತರದ ದಂಗೆಯ ಹೊತ್ತಿಗೆ ಹಬ್ಬಿತ್ತು. ಆ ಅನುಮಾನ ಪೂರ್ತಿ ಸುಳ್ಳೂ ಆಗಲಿಲ್ಲ: 1783ರಿಂದ 1794ರವರೆಗೆ ಪ್ರತಿ ದಾಖಲೆಗೆ ಮೂರು ಪೆನ್ನಿ ತೆರಿಗೆ ಇತ್ತು, ಕಡುಬಡವರಿಗೆ ಮಾತ್ರ ವಿನಾಯಿತಿ.

ಕ್ರಾಮ್‌ವೆಲ್‌ನ ಆಜ್ಞೆಗೆ ಮೊದಲೂ ಹಳ್ಳಿಯ ಚರ್ಚುಗಳಲ್ಲಿ ಹೆಸರುಗಳ ಪಟ್ಟಿ ಇತ್ತು, ಆದರೆ ಅದರ ಸ್ವರೂಪವೇ ಬೇರೆ. ಅದು ಸತ್ತವರ ಪಟ್ಟಿ. ಚರ್ಚಿಗೆ ದಾನ ಕೊಟ್ಟು ಸತ್ತವರ ಹೆಸರನ್ನು ಪಾದ್ರಿ ವರ್ಷಕ್ಕೊಮ್ಮೆ ಇಡೀ ಊರಿನ ಮುಂದೆ ಓದಿ ಹೇಳುತ್ತಿದ್ದ, ಜನ ಆ ಆತ್ಮಗಳಿಗಾಗಿ ಪ್ರಾರ್ಥಿಸುತ್ತಿದ್ದರು. ಸತ್ತ ಮೇಲೆ ಆತ್ಮ ಶುದ್ಧೀಕರಣ ಸ್ಥಳದಲ್ಲಿ ಬೇಯುತ್ತದೆ, ಬದುಕಿರುವವರ ಪ್ರಾರ್ಥನೆ ಮತ್ತು ಬಲಿಪೂಜೆಯಿಂದ ಆ ಬೇಗೆ ಕಡಿಮೆಯಾಗುತ್ತದೆ ಎಂಬುದು ಅಂದಿನ ನಂಬಿಕೆ. ಹೆಸರು ಹಿಡಿದು ಕರೆಯುವುದರಿಂದ ಸತ್ತವರಿಗೆ ನೇರವಾದ ಉಪಕಾರ ಇತ್ತು. ಶ್ರಾದ್ಧ ಮಾಡುವ ಮನೆಗಳಲ್ಲಿ ಮೂರು ತಲೆಮಾರಿನ ಹೆಸರು ಹೇಳುವವರಿಗೆ ಈ ತರ್ಕ ವಿಚಿತ್ರವೆನಿಸದು.

ಡೆವನ್ ಸೀಮೆಯ ಮೋರ್‌ಬಾತ್ ಎಂಬ ಸಣ್ಣ ಊರಿನ ಲೆಕ್ಕದ ಪುಸ್ತಕದಲ್ಲಿ ಈ ಲೋಕ ಹತ್ತಿರದಿಂದ ಕಾಣುತ್ತದೆ. ಅಲ್ಲಿದ್ದದ್ದು ಮೂವತ್ತರ ಆಸುಪಾಸಿನ ಮನೆಗಳು. 1520ರಲ್ಲಿ ಬಂದ ಪಾದ್ರಿ ಕ್ರಿಸ್ಟಫರ್ ಟ್ರಿಕಿ 1574ರಲ್ಲಿ ಸಾಯುವ ತನಕ ಅಲ್ಲೇ ಇದ್ದರು. ನಾಲ್ವರು ದೊರೆಗಳ ಕಾಲವನ್ನು ಕಂಡರು, ಚರ್ಚಿನ ಲೆಕ್ಕವನ್ನು ಕೈಯಾರೆ ಬರೆದು ಊರಿಗೆ ಓದಿ ಹೇಳಿದರು. ಸಾಯುವವರು ಸಂತರ ದೀಪಕ್ಕೆಂದು ಚರ್ಚಿಗೆ ಕುರಿ ಬಿಟ್ಟುಹೋಗುತ್ತಿದ್ದರು, ಜೇನುಗೂಡು ಬಿಟ್ಟುಹೋಗುತ್ತಿದ್ದರು. ಚರ್ಚಿನ ಕುರಿಗಳನ್ನು ಊರಿನವರು ತಮ್ಮ ಮಂದೆಯಲ್ಲಿ ಸಾಕಿ ಉಣ್ಣೆಯ ಹಣವನ್ನು ಒಪ್ಪಿಸುತ್ತಿದ್ದರು. ಸತ್ತವರ ಪೂಜೆಗೆ ತೊಡುವ ಕಪ್ಪು ಉಡುಪು ಬೇಕೆಂದು ಟ್ರಿಕಿ ಸುಮಾರು ಎರಡು ದಶಕ ಹಣ ಕೂಡಿಟ್ಟರು. ಉಡುಪು ಕೊನೆಗೂ ಸಿದ್ಧವಾಗಿ ಬಂದದ್ದು 1547ರಲ್ಲಿ. ಅದೇ ವರ್ಷ ಸತ್ತವರಿಗಾಗಿ ಪೂಜೆ ನಡೆಸಲು ಬಿಟ್ಟಿದ್ದ ದತ್ತಿಗಳನ್ನು ಕಾನೂನು ರದ್ದು ಮಾಡಿತು. ಎರಡು ವರ್ಷದೊಳಗೆ ಹಳೆಯ ಲ್ಯಾಟಿನ್ ಪೂಜೆಯೇ ಹೋಗಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಂತು. ಅದರ ವಿರುದ್ಧ 1549ರಲ್ಲಿ ಪಶ್ಚಿಮ ಸೀಮೆ ದಂಗೆ ಎದ್ದಾಗ ಮೋರ್‌ಬಾತ್‌ನಿಂದಲೂ ಐದು ಮಂದಿ ಹೋದರು.

1552ರ ಪ್ರಾರ್ಥನಾ ಪುಸ್ತಕದಲ್ಲಿ ಸತ್ತವರಿಗಾಗಿ ಬೇಡುವ ಮಾತೇ ಉಳಿಯಲಿಲ್ಲ. ಪ್ರೊಟೆಸ್ಟೆಂಟ್ ಸುಧಾರಕರ ವಾದ ಕಠಿಣವಾದರೂ ನೇರವಾಗಿತ್ತು: ರಕ್ಷಣೆ ದೇವರ ಕೃಪೆಯಿಂದ, ನಂಬಿಕೆಯ ಮೂಲಕ, ಸತ್ತವನ ತೀರ್ಮಾನ ದೇವರ ಕೈಯಲ್ಲಿದೆ, ಮೊಮ್ಮಗ ಮೇಣದಬತ್ತಿ ಹಚ್ಚಿ ಅದನ್ನು ಬದಲಿಸಲಾರ. ಬೈಬಲ್ ಹೇಳುವ ಜೀವಬಾಧ್ಯರ ಪುಸ್ತಕದಲ್ಲಿ ಹೆಸರಿದ್ದರೆ ಸಾಕು, ಊರಿನ ಪುಸ್ತಕದಲ್ಲಿ ಇದ್ದರೇನು, ಬಿಟ್ಟರೇನು? ಸತ್ತವರಿಗೆ ಸಲ್ಲಬೇಕಾದದ್ದು ಏನೂ ಇಲ್ಲ ಎಂಬುದು ಇದರ ತಾತ್ಪರ್ಯ. ಹೀಗೆ ಹತ್ತು ಹದಿನೈದು ವರ್ಷಗಳ ಅಂತರದಲ್ಲಿ ಒಂದು ಪಟ್ಟಿ ಹೋಗಿ ಇನ್ನೊಂದು ಬಂತು. ಹೋದದ್ದು ದಾನ ಕೊಡಬಲ್ಲವರ ಪಟ್ಟಿ, ಸತ್ತವರ ಒಳಿತಿಗೆಂದೇ ಇದ್ದದ್ದು. ಬಂದದ್ದು ಎಲ್ಲರ ಪಟ್ಟಿ, ಬದುಕಿರುವವರ ವ್ಯವಹಾರಕ್ಕೆಂದು ಇಟ್ಟದ್ದು. ಬಡವರ ಹೆಸರು ಉಳಿದದ್ದು ಈ ಎರಡನೆಯದರಲ್ಲಿ. ಯಾರನ್ನೂ ಸ್ಮರಿಸುವ ಉದ್ದೇಶವಿಲ್ಲದೆ ಬರೆದ ಪುಸ್ತಕವೇ ಅತಿ ಹೆಚ್ಚು ಜನರನ್ನು ಮರೆವಿನಿಂದ ಕಾಪಾಡಿದೆ ಎಂಬುದು ಈ ಇಡೀ ವಿಷಯದಲ್ಲಿ ಮನಸ್ಸನ್ನು ಅತಿಯಾಗಿ ತಟ್ಟುವ ಸಂಗತಿ. ಸತ್ತವರ ಹೆಸರನ್ನು ಗಟ್ಟಿಯಾಗಿ ಓದುವ ರೂಢಿಯೂ ಮರಳಿತು, ಆದರೆ ಸುಮಾರು ನಾಲ್ಕು ಶತಮಾನದ ಬಳಿಕ. ಮೊದಲ ಮಹಾಯುದ್ಧದಲ್ಲಿ ಮಡಿದವರ ಹೆಸರುಗಳು ಹೆಚ್ಚುಕಡಿಮೆ ಎಲ್ಲ ಹಳ್ಳಿಗಳಲ್ಲೂ ಕಲ್ಲಿನ ಮೇಲಿವೆ. ನವೆಂಬರಿನ ಒಂದು ಭಾನುವಾರ ಅವನ್ನು ಊರಿನ ಮುಂದೆ ಓದುತ್ತಾರೆ.

ಶೋಧ ನಡೆಯುವುದು ಹಿಂದುಮುಂದಾಗಿ, ಇಂದಿನಿಂದ ಅಂದಿಗೆ. ಸರಕಾರವೇ ಜನನ ಮರಣ ನೋಂದಣಿ ಆರಂಭಿಸಿದ್ದು 1837ರ ಜುಲೈ 1ರಂದು. ಅಲ್ಲಿಯವರೆಗಿನ ದಾರಿ ಸುಗಮ. 1841ರ ಜನಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವ ಪದ್ಧತಿ ಇತ್ತು, ಹುಟ್ಟಿದೂರನ್ನು ಕೇಳಿರಲಿಲ್ಲ. 1851ರಲ್ಲಿ ಕೇಳಿದರು, ಆ ಒಂದು ಅಂಕಣವೇ ಹಳೆಯ ಪ್ಯಾರಿಷ್ ಪುಸ್ತಕಕ್ಕೆ ಕೀಲಿಕೈ. 1813ರಿಂದ ಅಚ್ಚಾದ ನಮೂನೆಗಳಿದ್ದು ತಂದೆಯ ಕಸುಬೂ ಸಿಗುತ್ತದೆ; ಪುಟ ತಿರುಗಿಸಿದಂತೆ ‘ಕೂಲಿ’, ‘ಕೂಲಿ’, ‘ಕೂಲಿ’ ಎಂದೇ ಕಣ್ಣಿಗೆ ಬೀಳುತ್ತದೆ. ಅದಕ್ಕೂ ಹಿಂದೆ ಹೋದರೆ ಬರವಣಿಗೆ ಪಾದ್ರಿಯ ಮರ್ಜಿ. ಅಂತರ್ಯುದ್ಧ ಮತ್ತು ಗಣರಾಜ್ಯದ ಕಾಲದಲ್ಲಿ, ಅಂದಾಜು 1642ರಿಂದ 1660ರವರೆಗೆ, ಎಷ್ಟೋ ಊರುಗಳ ಪುಸ್ತಕ ಖಾಲಿ. 1598ರ ಸುಮಾರಿಗೆ ಹಳೆಯ ಕಾಗದದ ಪುಸ್ತಕಗಳನ್ನು ಚರ್ಮದ ಹಾಳೆಗೆ ನಕಲು ಮಾಡಬೇಕೆಂದು, ವಿಶೇಷವಾಗಿ ಎಲಿಜಬೆತ್ ರಾಣಿಯ ಆಳ್ವಿಕೆಯ ಆರಂಭದಿಂದ ಮಾಡಬೇಕೆಂದು ಆಜ್ಞೆ ಬಂದಾಗ, ಹಲವು ಗುಮಾಸ್ತರು ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳನ್ನು ಬಿಟ್ಟುಬಿಟ್ಟರು. ಬಹಳಷ್ಟು ಊರುಗಳ ನೆನಪು 1558ಕ್ಕೇ ನಿಲ್ಲುವುದು ಇದೇ ಕಾರಣಕ್ಕೆ. ಅದರಾಚೆಗೆ ಉಳಿಯುವುದು ಉಯಿಲುಗಳು ಮತ್ತು ಜಹಗೀರಿನ ನ್ಯಾಯಸಭೆಯ ಸುರುಳಿಗಳು. ಗೇಣಿ ಒಕ್ಕಲು ಸತ್ತಾಗ ಅವನ ಕೊಟ್ಟಿಗೆಯ ಅತ್ಯುತ್ತಮ ದನ ಒಡೆಯನಿಗೆ ಸಲ್ಲಬೇಕಿತ್ತು. ಆದ್ದರಿಂದ ಒಬ್ಬ ರೈತ ಸತ್ತ ಸಂಗತಿ ಅಲ್ಲಿ ಒಂದು ಎತ್ತಿನ ಅಥವಾ ಹಸುವಿನ ಲೆಕ್ಕವಾಗಿ ದಾಖಲಾಗಿರುತ್ತದೆ.

ಈ ದಾರಿಯಲ್ಲಿ ನೈತಿಕ ಪ್ರಶ್ನೆ ತಲೆಯೆತ್ತುವುದು ಬಹಳ ಸಾಧಾರಣವಾದ ಒಂದು ಜಾಗದಲ್ಲಿ. ಹಳ್ಳಿಗಳಲ್ಲಿ ಹೆಸರುಗಳ ಸಂಖ್ಯೆ ಕಡಿಮೆ. ಜಾನ್, ವಿಲಿಯಂ, ಥಾಮಸ್, ಮೇರಿ, ಎಲಿಜಬೆತ್, ಆನ್ ಇವೇ ತಿರುತಿರುಗಿ ಬರುತ್ತವೆ. ಒಂದೇ ಊರಿನಲ್ಲಿ ಒಂದೇ ಮನೆತನದ ಹೆಸರಿನ ಇಬ್ಬರು ವಿಲಿಯಂಗಳಿಗೆ ಮೂರು ವರ್ಷದ ಅಂತರದಲ್ಲಿ ದೀಕ್ಷಾಸ್ನಾನವಾಗಿದ್ದರೆ, ಇಪ್ಪತ್ತೈದು ವರ್ಷದ ಬಳಿಕ ಮದುವೆಯಾದವನು ಯಾವನು? ಇಬ್ಬರಲ್ಲಿ ಒಬ್ಬ ಕೂಸಾಗಿದ್ದಾಗಲೇ ಸತ್ತಿರಬಹುದು, ಒಬ್ಬ ಬೇರೆ ಊರಿಗೆ ಹೋಗಿರಬಹುದು. ಸಮಾಧಿಯ ಪುಟಗಳನ್ನು ನೋಡದೆ ಅನುಕೂಲವಾದವನನ್ನು ಆರಿಸಿಕೊಂಡರೆ ವಂಶವೃಕ್ಷ ಒಂದು ಮೆಟ್ಟಿಲು ಮೇಲೇರುತ್ತದೆ, ಆದರೆ ಒಬ್ಬನ ಬದುಕು ಇನ್ನೊಬ್ಬನ ಪಾಲಾಗುತ್ತದೆ. ಸತ್ತವನಿಗೆ ಇದರಿಂದ ಏನು ನಷ್ಟ? ಗ್ರೀಕ್ ತತ್ವಜ್ಞಾನಿ ಎಪಿಕ್ಯುರಸ್‌ನ ಹಾದಿಯವರ ಪ್ರಕಾರ ಏನೂ ಇಲ್ಲ: ಅವನು ಇಲ್ಲವೇ ಇಲ್ಲ, ಇಲ್ಲದವನಿಗೆ ಕೇಡು ತಟ್ಟದು. ಈ ವಾದ ನೋವಿನ ಮಟ್ಟಿಗೆ ಸರಿ, ಸತ್ಯದ ಮಟ್ಟಿಗೆ ಸಾಲದು. ಕೂಸಾಗಿದ್ದಾಗಲೇ ಸತ್ತ ಮಗುವಿಗೆ ಹೆಂಡತಿ, ಆರು ಮಕ್ಕಳು, ಎಪ್ಪತ್ತು ವರ್ಷಗಳ ಆಯುಸ್ಸನ್ನು ಅಂಟಿಸುವುದು ಆ ಮಗುವನ್ನು ಎರಡನೆಯ ಸಲ ಅಳಿಸಿಹಾಕಿದಂತೆ. ಪ್ರಾರ್ಥನೆಯೂ ಬೇಡ, ಎಡೆಯೂ ಬೇಡ ಎಂದಾದ ಮೇಲೆ ಸತ್ತವರ ವಿಷಯದಲ್ಲಿ ಬದುಕಿರುವವರ ಕೈಯಲ್ಲಿ ಉಳಿಯುವ ಗೌರವ ಒಂದೇ, ಅವರ ಬಗ್ಗೆ ಇಲ್ಲದ್ದನ್ನು ಹೇಳದಿರುವುದು. ಆಧಾರ ಸಿಗದ ಕಡೆ ರೇಖೆಯನ್ನು ನಿಲ್ಲಿಸುವ ಶೋಧಕ ಸೋತವನಲ್ಲ. ಅವನು ತನ್ನ ಕೆಲಸವನ್ನು ಸರಿಯಾಗಿ ಮಾಡಿದವನು.

ಹೆಂಗಸರ ವಿಷಯದಲ್ಲಿ ಈ ನಿಲುಗಡೆ ಬೇಗ ಬರುತ್ತದೆ. ಹಳೆಯ ದೀಕ್ಷಾಸ್ನಾನದ ಸಾಲುಗಳಲ್ಲಿ ಎಷ್ಟೋ ಕಡೆ ತಂದೆಯ ಹೆಸರು ಮಾತ್ರ. ತಾಯಿಯ ಹೆಸರಿದ್ದರೂ ತವರಿನ ಹೆಸರಿಲ್ಲ. ಸಮಾಧಿಯ ಪುಟದಲ್ಲಿ ಆಕೆ ‘ಇಂಥವನ ಹೆಂಡತಿ’, ಇಲ್ಲವೇ ‘ವಿಧವೆ’. ಇಂಗ್ಲೆಂಡಿನ ಮದುವೆ ದಾಖಲೆಯಲ್ಲಿ ತಾಯಂದಿರ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ. 1754ರಲ್ಲಿ ಜಾರಿಗೆ ಬಂದ ಮದುವೆಯ ಕಾನೂನು ಒಂದು ಉಪಕಾರ ಮಾಡಿತು: ವಧೂವರರಿಬ್ಬರೂ ಸಹಿ ಹಾಕಬೇಕು. ಅಕ್ಷರ ಬಾರದವರು ಒಂದರ ಮೇಲೊಂದು ಎರಡು ಗೀಟೆಳೆದು ಗುರುತು ಹಾಕಿದರು, ಪಾದ್ರಿ ಪಕ್ಕದಲ್ಲಿ ಹೆಸರು ಬರೆದ. ಕೆಲವು ಗೀಟು ನಡುಗಿವೆ, ಕೆಲವು ಕಡೆ ಲೇಖನಿಯನ್ನು ಬಲವಾಗಿ ಒತ್ತಿ ಶಾಯಿ ಹರಡಿದೆ. ಬೇರೆಯವರು ಆಕೆಯ ಬಗ್ಗೆ ಬರೆದದ್ದನ್ನು ಬಿಟ್ಟರೆ ಆಕೆ ತಾನಾಗಿ ಮಾಡಿದ್ದೆಂದು ಉಳಿದಿರುವುದು ಆ ಗುರುತು ಒಂದೇ.

ಪುಸ್ತಕದ ಹೊರಗೆ ಉಳಿದವರೂ ಇದ್ದಾರೆ. ಕ್ವೇಕರ್ ಪಂಥದವರು ದೀಕ್ಷಾಸ್ನಾನವನ್ನೇ ಒಪ್ಪಲಿಲ್ಲ. ಹುಟ್ಟನ್ನು ತಮ್ಮದೇ ಪುಸ್ತಕದಲ್ಲಿ, ವಾರಕ್ಕೂ ತಿಂಗಳಿಗೂ ಅನ್ಯದೇವತೆಗಳ ಹೆಸರು ಬಳಸದೆ ಬರಿಯ ಅಂಕಿಯಲ್ಲಿ ಬರೆದಿಟ್ಟರು. ಬ್ಯಾಪ್ಟಿಸ್ಟ್ ಪಂಥದವರು ಕೂಸುಗಳಿಗೆ ದೀಕ್ಷೆ ಕೊಡಲಿಲ್ಲ. ದೀಕ್ಷೆಯಾಗದೆ ಸತ್ತವರಿಗೆ, ಬಹಿಷ್ಕೃತರಿಗೆ, ಆತ್ಮಹತ್ಯೆ ಮಾಡಿಕೊಂಡವರಿಗೆ ಸಮಾಧಿಯ ಪ್ರಾರ್ಥನೆ ಸಲ್ಲದು ಎಂದು 1662ರ ಪ್ರಾರ್ಥನಾ ಪುಸ್ತಕವೇ ಹೇಳಿತು. ಥಾಮಸ್ ಹಾರ್ಡಿ 1891ರ ತಮ್ಮ ‘ಟೆಸ್’ ಕಾದಂಬರಿಯಲ್ಲಿ ಈ ನಿಯಮದ ಕ್ರೌರ್ಯವನ್ನು ಎದುರಿಗಿಟ್ಟರು. ಮದುವೆಯಿಲ್ಲದೆ ತಾಯಿಯಾದ ಟೆಸ್ ಸಾಯುತ್ತಿರುವ ಕೂಸಿಗೆ ನಡುರಾತ್ರಿ ತಾನೇ ದೀಕ್ಷೆ ಕೊಡುತ್ತಾಳೆ, ತಮ್ಮ ತಂಗಿಯರೇ ಸಭೆ. ಆ ದೀಕ್ಷೆ ಸಲ್ಲುತ್ತದೆಯೇ ಎಂದು ಪಾದ್ರಿಯನ್ನು ಕೇಳುತ್ತಾಳೆ. ಆತ ಸಲ್ಲುತ್ತದೆ ಎನ್ನುತ್ತಾನೆ, ಆದರೆ ವಿಧಿವತ್ತಾಗಿ ಹೂಳಲು ಒಪ್ಪುವುದಿಲ್ಲ. ಇದೇ ಕಾದಂಬರಿ ಶುರುವಾಗುವುದು, ವಂಶಾವಳಿಯ ಗೀಳಿನ ಇನ್ನೊಬ್ಬ ಪಾದ್ರಿ ಟೆಸ್‌ಳ ಬಡ ತಂದೆಗೆ ನೀನು ಹಳೆಯ ಸರದಾರರ ಕುಲದವನು ಎಂದು ಹೇಳುವುದರಿಂದ. ಆ ಒಂದು ಮಾತೇ ಮನೆಯನ್ನು ಹಾಳುಮಾಡುತ್ತದೆ. ವಂಶಶೋಧದಲ್ಲಿ ದೊಡ್ಡ ಹೆಸರಿನ ಆಸೆಗೂ ಅಳಿಸಿಹೋದ ಕೂಸಿಗೂ ಇರುವ ದೂರವನ್ನು ಇಷ್ಟು ಸ್ಪಷ್ಟವಾಗಿ ಕಂಡ ಲೇಖಕರು ವಿರಳ.

ಊರಿಗೆ ಹೊರೆಯಾದ ಬಡವರ ಬಗ್ಗೆ ಮಾತ್ರ ಮೂರು ಸಾಲಿಗಿಂತ ಹೆಚ್ಚು ಸಿಗುತ್ತದೆ. 1662ರ ವಸತಿ ಕಾನೂನಿನ ಪ್ರಕಾರ ದಿಕ್ಕಿಲ್ಲದವನನ್ನು ಪೋಷಿಸಬೇಕಾದದ್ದು ಅವನಿಗೆ ಹಕ್ಕಿರುವ ಪ್ಯಾರಿಷ್. ಆ ಹಕ್ಕು ಎಲ್ಲಿದೆ ಎಂದು ತಿಳಿಯಲು ಅವನನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾವ ರೈತನ ಬಳಿ ಒಂದು ವರ್ಷ ಪೂರ್ತಿ ಆಳಾಗಿದ್ದೆ, ಸಂಬಳ ಎಷ್ಟು, ಮದುವೆ ಎಲ್ಲಾಯಿತು. ಉತ್ತರ ತೃಪ್ತಿಕರವಾಗದಿದ್ದರೆ ಹೆಂಡತಿ ಮಕ್ಕಳ ಸಮೇತ ಗಡಿ ದಾಟಿಸುವ ಆದೇಶ. ಮದುವೆಯಾಗದ ಬಸುರಿಯರನ್ನು ಹೆರಿಗೆಗೆ ಮೊದಲೇ ಪಕ್ಕದೂರಿಗೆ ಅಟ್ಟಿದ್ದೂ ಉಂಟು. ಅಂಥ ಮಗು ಹುಟ್ಟಿದ ಊರಿನ ಪಾಲಾಗುತ್ತಿತ್ತು. ಕೂಲಿಯವನ ಬದುಕಿನ ಕಥೆಗೆ ಅತಿ ಹತ್ತಿರದ ಬರಹ ಈ ವಿಚಾರಣೆಯ ಹಾಳೆ. ಅವನಿಗಾದ ಅವಮಾನವೇ ಇಂದಿನ ಶೋಧಕನಿಗೆ ಸಿಕ್ಕ ಭಾಗ್ಯ, ಇದನ್ನು ಮರೆತು ಆ ಹಾಳೆಯನ್ನು ಓದಬಾರದು.

ಸತ್ತವರನ್ನು ಹೆಸರು ಹಿಡಿದು ಹುಡುಕುವುದು ಧಾರ್ಮಿಕ ಕರ್ತವ್ಯವೇ ಎಂದು ಹೇಳುವ ಒಂದು ಪಂಥವೂ ಇದೆ. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಸಭೆಯವರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನೈದನೆಯ ಅಧ್ಯಾಯದ ಒಂದು ವಚನವನ್ನು ಆಧಾರವಾಗಿಟ್ಟುಕೊಂಡು, ಸತ್ತ ಪೂರ್ವಿಕರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು ಎಂದು 1840ರಿಂದ ನಂಬುತ್ತಾರೆ. 1837ರಿಂದಲೇ ಇಂಗ್ಲೆಂಡಿನಲ್ಲಿ ಅವರ ಪ್ರಚಾರಕರಿದ್ದರು. ಅವರ ಮಾತು ಕೇಳಿ ಸಾವಿರಾರು ಜನ ಅಟ್ಲಾಂಟಿಕ್ ದಾಟಿದರು. 1894ರಲ್ಲಿ ಅವರು ವಂಶಾವಳಿ ಸಂಘ ಕಟ್ಟಿದರು, 1938ರಿಂದ ಜಗತ್ತಿನ ನೋಂದಣಿ ಪುಸ್ತಕಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿದರು. ಮೂಲ ಸುರುಳಿಗಳು ಯೂಟಾದ ಸಾಲ್ಟ್ ಲೇಕ್ ಸಿಟಿ ಹತ್ತಿರ ಗ್ರಾನೈಟ್ ಬೆಟ್ಟದೊಳಗೆ ಕೊರೆದ ಉಗ್ರಾಣದಲ್ಲಿವೆ. ದೇವರನ್ನು ನಂಬದವರೂ ಇಂದು ಇಂಗ್ಲಿಷ್ ಹಳ್ಳಿಯ ಹೆಸರನ್ನು ಕ್ಷಣದಲ್ಲಿ ಹುಡುಕಬಲ್ಲರೆಂದರೆ ಅದರ ಹಿಂದೆ ಈ ನಂಬಿಕೆಯ ದುಡಿಮೆ ದೊಡ್ಡದು. ಆಕ್ಷೇಪವೂ ಅಷ್ಟೇ ಗಟ್ಟಿ. ನಾಜಿಗಳು ಕೊಂದ ಯಹೂದಿಗಳ ಹೆಸರಿನಲ್ಲೂ ದೀಕ್ಷೆ ನಡೆದಾಗ ಯಹೂದಿ ಸಂಘಟನೆಗಳು ಪ್ರತಿಭಟಿಸಿದವು, 1995ರಲ್ಲಿ ಆ ಹೆಸರುಗಳನ್ನು ತೆಗೆಯುವ ಒಪ್ಪಂದವಾಯಿತು. ಸತ್ತವರು ಈ ಕೊಡುಗೆಯನ್ನು ಒಪ್ಪಬಹುದು, ಬಿಡಬಹುದು ಎಂದು ಮಾರ್ಮನರು ಹೇಳುತ್ತಾರೆ. ಆದರೂ ಒಬ್ಬ ಮನುಷ್ಯ ಯಾವ ನಂಬಿಕೆಗಾಗಿ ಸತ್ತನೋ ಅದರ ಹೊರಗೆ ಅವನ ಹೆಸರನ್ನು ಎಳೆಯುವುದು, ಒಳ್ಳೆಯ ಮನಸ್ಸಿನಿಂದ ಮಾಡಿದರೂ, ಅವನ ಬಗ್ಗೆ ಇಲ್ಲದ್ದನ್ನು ಹೇಳಿದಂತೆಯೇ.

ಇನ್ನು ಯಾವ ಪೂರ್ವಿಕ ಎಂಬ ಪ್ರಶ್ನೆ. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹತ್ತು ತಲೆಮಾರು ಹಿಂದೆ ಹೋದರೆ 1,024 ಸ್ಥಾನಗಳು, ಇಪ್ಪತ್ತಕ್ಕೆ 10,48,576, ಮೂವತ್ತಕ್ಕೆ ನೂರೇಳು ಕೋಟಿಗೂ ಮೇಲೆ. ಮೂವತ್ತು ತಲೆಮಾರೆಂದರೆ ಸುಮಾರು ಒಂಬೈನೂರು ವರ್ಷ. ಆಗ ಇಡೀ ಇಂಗ್ಲೆಂಡಿನ ಜನ ಒಂದು ಕೋಟಿಯೂ ಇರಲಿಲ್ಲ. ಒಬ್ಬರೇ ಹಲವು ಸ್ಥಾನಗಳಲ್ಲಿ ಕೂತಿರಲೇಬೇಕು. ಕವಲುಗಳು ಹಿಂದೆ ಹೋದಂತೆ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಮನೆತನದ ಹೆಸರಿನ ರೇಖೆ ಈ 1,024ರಲ್ಲಿ ಒಂದೇ ಒಂದು. ಹತ್ತು ತಲೆಮಾರು ಹಿಂದಿನವರಲ್ಲಿ ಎಷ್ಟೋ ಮಂದಿಯ ಡಿಎನ್‌ಎಯ ತುಣುಕೂ ಇಂದಿನವರಲ್ಲಿ ಇರುವುದಿಲ್ಲ, ಪ್ರತಿ ಹೆಜ್ಜೆಯಲ್ಲೂ ಅರ್ಧ ಕಳೆದುಹೋಗುತ್ತದೆ. ರಕ್ತವೇ ಋಣಕ್ಕೆ ಆಧಾರ ಎನ್ನುವವರಿಗೆ ಈ ಲೆಕ್ಕ ತೊಡಕು: ಆ ಊರಿನ ಸಮಾಧಿಭೂಮಿಯಲ್ಲಿ ಮಲಗಿದವರಲ್ಲಿ ಯಾರು ತನ್ನವರು, ಯಾರು ಅಲ್ಲ ಎಂಬ ಗೆರೆ ಕೆಲವು ಶತಮಾನಗಳಲ್ಲೇ ಅಳಿಸಿಹೋಗುತ್ತದೆ.

1790ರಲ್ಲಿ ರಾಜಕೀಯ ಚಿಂತಕ ಎಡ್ಮಂಡ್ ಬರ್ಕ್ ಸಮಾಜವನ್ನು ಬದುಕಿರುವವರು, ಸತ್ತವರು, ಹುಟ್ಟಲಿರುವವರ ಪಾಲುದಾರಿಕೆ ಎಂದರು. ನಾರ್ಫಕ್‌ನ ಥೆಟ್‌ಫರ್ಡಿನಲ್ಲಿ ಹುಟ್ಟಿದ ಥಾಮಸ್ ಪೇನ್, ಸತ್ತವರಿಗೆ ಬದುಕಿರುವವರ ಮೇಲೆ ಅಧಿಕಾರವಿಲ್ಲ ಎಂದು ಮರುವರ್ಷವೇ ತಿರುಗೇಟು ಕೊಟ್ಟರು. ಬರ್ಕ್ ಪಕ್ಷದವರು ಪೂರ್ವಿಕರೆಂದಾಗ ಮನಸ್ಸಿನಲ್ಲಿ ಇದ್ದವರು ಹಕ್ಕು, ಆಸ್ತಿ, ಪದವಿಗಳನ್ನು ಬಿಟ್ಟುಹೋದವರು. ಹಳ್ಳಿಯ ಕೂಲಿಯವರು ಬಿಟ್ಟುಹೋದದ್ದು ಏನೂ ಇಲ್ಲ. ಸಾಮೂಹಿಕ ಹುಲ್ಲುಗಾವಲನ್ನೂ ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳ ಬೇಲಿ ಕಾನೂನುಗಳು ಕಸಿದವು. ಅವರು ಯಾರ ಮೇಲೂ ಅಧಿಕಾರ ನಡೆಸಲಾರರು, ಆದ್ದರಿಂದ ಅವರ ಬಗ್ಗೆ ಪೇನ್‌ಗೆ ಭಯ ಬೇಕಿಲ್ಲ. ಅವರನ್ನು ಹುಡುಕುವುದರಿಂದ ಸಿಗುವ ಪಾಲೂ ಇಲ್ಲ. ಲಾಭವಿಲ್ಲದ ಈ ಹುಡುಕಾಟಕ್ಕೆ ಋಣ ಎಂಬ ಮಾತು ಹೆಚ್ಚು ಒಪ್ಪುತ್ತದೆ, ಅದು ಒಬ್ಬ ಪೂರ್ವಿಕನಲ್ಲಿ ಶುರುವಾದರೂ ಅವನ ಪಕ್ಕದ ಸಾಲಿನವರಿಗೂ ಸಲ್ಲುತ್ತದೆ. 1981ರಲ್ಲಿ ಇತಿಹಾಸಕಾರರಾದ ರಿಗ್ಲಿ ಮತ್ತು ಸ್ಕೋಫೀಲ್ಡ್ 404 ಪ್ಯಾರಿಷ್‌ಗಳ ಪುಸ್ತಕಗಳಿಂದ ಇಂಗ್ಲೆಂಡಿನ ಜನಸಂಖ್ಯೆಯ ಇತಿಹಾಸವನ್ನೇ ಕಟ್ಟಿದರು. ಆ ಸಾಲುಗಳನ್ನು ಊರೂರಿನಲ್ಲಿ ಎಣಿಸಿಕೊಟ್ಟವರಲ್ಲಿ ಹವ್ಯಾಸಿ ಸ್ಥಳೀಯ ಇತಿಹಾಸಕಾರರೇ ಹೆಚ್ಚು.

ಇಂಥ ರೇಖೆಗಳಲ್ಲಿ ಕೆಲವು ಕರ್ನಾಟಕದಲ್ಲಿ ಬಂದು ಮುಗಿಯುತ್ತವೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿದ ಬಿಳಿಯ ಸಿಪಾಯಿಗಳಲ್ಲಿ ಹಳ್ಳಿಯ ಕೂಲಿಯ ಹುಡುಗರೂ ಇದ್ದರು. ಹಡಗು ಹತ್ತಿಸುವಾಗಿನ ಪಟ್ಟಿಯಲ್ಲಿ ಅವರ ವಯಸ್ಸು, ಹಿಂದಿನ ಕಸುಬು, ಹುಟ್ಟಿದೂರು ಇವೆ. ಊರಿನ ಪುಸ್ತಕದಲ್ಲಿ ದೀಕ್ಷಾಸ್ನಾನದ ಸಾಲು ಮಾತ್ರ ಸಿಕ್ಕಿ ಸಮಾಧಿಯ ಸಾಲು ಎಲ್ಲೂ ಸಿಗದ ಹುಡುಗನಿಗಾಗಿ ಶೋಧಕರು ಈ ಕಡೆ ತಿರುಗುತ್ತಾರೆ. ಬೆಂಗಳೂರು, ಬಳ್ಳಾರಿ ದಂಡುಪ್ರದೇಶಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲನ್ನು ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚು ಇಲಾಖೆ ಲಂಡನ್ನಿಗೆ ಕಳಿಸುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಂಗ್ಲೆಂಡಿನ ಪ್ಯಾರಿಷ್ ಪುಸ್ತಕಗಳಾದರೋ 1978ರ ಚರ್ಚು ಕಾನೂನಿನ ಬಳಿಕ ನೂರು ವರ್ಷ ದಾಟಿದವೆಲ್ಲ ಹೆಚ್ಚಾಗಿ ಜಿಲ್ಲಾ ದಾಖಲೆ ಕಚೇರಿಗಳನ್ನು ಸೇರಿವೆ, ಯಾವ ಮತದವರಾದರೂ ಅಲ್ಲಿ ಹೋಗಿ ಓದಬಹುದು.